ಪವರ್ ತೆಗೆದರೆ ಎಲ್ಲ ಮರೆಯುವ ಆಂಪ್ಲಿಫೈಯರ್ ಬೋರ್ಡ್

ಪ್ರಶ್ನೆ: ಎಡಿಎಯು 1701 ಎಂಬ ಡಿಎಸ್‌ಪಿ (ಸದ್ದನ್ನು ಸಂಖ್ಯೆಗಳಾಗಿ ಲೆಕ್ಕಹಾಕಿ ತಿದ್ದುವ) ಚಿಪ್ ಇರುವ, ನಾಲ್ಕು ಚಾನೆಲ್‌ಗಳ ಕ್ಲಾಸ್-ಡಿ ಆಂಪ್ಲಿಫೈಯರ್ ಬೋರ್ಡ್ ತೆಗೆದುಕೊಂಡಿದ್ದೇನೆ. ಆಂಪ್ಲಿಫೈಯರ್ ಚಿಪ್‌ಗಳು ಟಿಪಿಎ 3116, ಅಡಾಪ್ಟರ್ 24 ವೋಲ್ಟ್‌ನದು. ಎರಡು ವೂಫರ್ (ಕೆಳಸ್ವರದ ಸ್ಪೀಕರ್), ಎರಡು ಟ್ವೀಟರ್‌ಗಳನ್ನು (ಮೇಲುಸ್ವರದವು) ನಡುವೆ ಸ್ವರಗಳನ್ನು ಹಂಚುವ ಕಾಯಿಲ್, ಕೆಪಾಸಿಟರ್‌ಗಳ ಕ್ರಾಸ್‌ಓವರ್ ಇಲ್ಲದೆ ನೇರವಾಗಿ ಜೋಡಿಸುವ ಆಸೆ. ಬೋರ್ಡಿಗೆ ಪ್ರೋಗ್ರಾಂ ಕಳುಹಿಸುವ ಪುಟ್ಟ ಸಾಧನವಾದ ಯುಎಸ್‌ಬಿ ಪ್ರೋಗ್ರಾಮರನ್ನು ಕಂಪ್ಯೂಟರ್ ಗುರುತಿಸುತ್ತದೆ. ಈ ಚಿಪ್‌ಗೆ ಪ್ರೋಗ್ರಾಂ ಮಾಡುವ ಸಿಗ್ಮಾಸ್ಟುಡಿಯೋ ಸಾಫ್ಟ್‌ವೇರಿನಲ್ಲಿ ಡೌನ್‌ಲೋಡ್ ಆಯಿತೆಂದು ಹಸಿರು ಬಣ್ಣವೂ ಬರುತ್ತದೆ. ಆದರೆ ಸದ್ದು ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಬಂದದ್ದೂ ಪವರ್ ತೆಗೆದು ಹಾಕಿದರೆ ಮಾಯ. ಪ್ರೋಗ್ರಾಮರ್ ಸಿಕ್ಕಿಸಿದ್ದಾಗ ಕೀರಲು ಸದ್ದು ಬೇರೆ. ನನಗೆ ಕೋಡ್ ಬರೆಯಲು ಬರುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಮೊದಲು ಆ ಹಸಿರು ಬಣ್ಣವನ್ನು ನಂಬುವುದನ್ನು ಬಿಡಿ. ಅದು ಕಳುಹಿಸಿದ್ದಕ್ಕೆ ಸಾಕ್ಷಿಯೇ ಹೊರತು ತಲುಪಿದ್ದಕ್ಕಲ್ಲ. ಅಂಚೆ ಡಬ್ಬಿಗೆ ಕಾಗದ ಹಾಕಿ ಬಂದವರು ‘ಕೊಟ್ಟು ಬಂದೆ’ ಎಂದ ಹಾಗೆ. ನಿಮ್ಮ ಕಂಪ್ಯೂಟರ್ ಮಾತನಾಡುವುದು ಪ್ರೋಗ್ರಾಮರ್ ಜೊತೆಗೆ. ಪ್ರೋಗ್ರಾಮರಿನಿಂದ ಬೋರ್ಡಿಗೆ ಹೋಗುವ ಎರಡು ತಂತಿಗಳ ಮೇಲೆ ಏನಾಯಿತು ಎನ್ನುವುದು ಬೇರೆಯದೇ ಕಥೆ, ನಿಮ್ಮ ತೊಂದರೆಯ ಮುಕ್ಕಾಲು ಪಾಲು ಇರುವುದು ಅಲ್ಲಿಯೇ.

ಕೋಡ್ ಬಾರದಿರುವುದು ಅಡ್ಡಿಯೇ ಅಲ್ಲ. ಇಲ್ಲಿ ‘ಪ್ರೋಗ್ರಾಂ ಮಾಡುವುದು’ ಎಂದರೆ ಪರದೆಯ ಮೇಲೆ ಫಿಲ್ಟರ್, ವಾಲ್ಯೂಮ್, ವಿಳಂಬ ಎಂಬ ಚೌಕಗಳನ್ನಿಟ್ಟು ಗೆರೆ ಎಳೆದು ಜೋಡಿಸುವುದು, ಅಷ್ಟೇ. ನಿಮ್ಮ ಚಿಪ್ 48 ಕಿಲೋಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸಲ ಸದ್ದನ್ನು ಅಳೆಯುತ್ತಾ, ಪ್ರತಿ ಅಳತೆಗೆ (ಸ್ಯಾಂಪಲ್‌ಗೆ) 1024 ಆದೇಶಗಳನ್ನು ನಡೆಸುತ್ತದೆ. ಆ ಆದೇಶಗಳನ್ನು ಬರೆದುಕೊಡುವ ಕೆಲಸ ಸಿಗ್ಮಾಸ್ಟುಡಿಯೋದ್ದು. ನೀವು ತಿಳಿಯಬೇಕಾದದ್ದು ಕೋಡ್ ಅಲ್ಲ, ಆ ಆದೇಶಗಳು ಎಲ್ಲಿ ಹೋಗಿ ಕೂರುತ್ತವೆ ಎನ್ನುವುದು.

ಕೂರುವ ಜಾಗಗಳು ಎರಡು. ಡೌನ್‌ಲೋಡ್ ಗುಂಡಿ ಒತ್ತಿದಾಗ ಎಲ್ಲವೂ ಡಿಎಸ್‌ಪಿ ಚಿಪ್‌ನ ಒಳಗಿನ ರ‍್ಯಾಮ್‌ಗೆ ಹೋಗುತ್ತದೆ. ಅದು ನೀರ ಮೇಲಿನ ಬರಹ. ಪವರ್ ಹೋಯಿತೆಂದರೆ ಬರಹವೂ ಹೋಯಿತು. ಎರಡನೆಯದು ಚಿಪ್‌ನ ಪಕ್ಕದಲ್ಲಿ ಎಂಟು ಕಾಲುಗಳ ಪುಟ್ಟ ಮೆಮೊರಿ, ಈಪ್ರಾಮ್. ಸಾಮಾನ್ಯವಾಗಿ ಅದರ ಮೈಮೇಲೆ 24ಸಿ256 ಎಂದಿರುತ್ತದೆ. ಪವರ್ ಬಂದ ಕೂಡಲೇ ಡಿಎಸ್‌ಪಿ ತಾನೇ ಅದನ್ನು ಓದಿಕೊಂಡು ರ‍್ಯಾಮ್ ತುಂಬಿಸಿಕೊಳ್ಳಬಲ್ಲದು. ನೀವು ಇದುವರೆಗೆ ಮೊದಲನೆಯದಕ್ಕೆ ಮಾತ್ರ ಬರೆಯುತ್ತಿದ್ದೀರಿ. ಹಾಗಾಗಿ ಬೋರ್ಡ್ ಮರೆಯುವುದು ಅದರ ದೋಷವಲ್ಲ. ಅದಕ್ಕೆ ನೆನಪಿಟ್ಟುಕೊಳ್ಳಲು ಯಾರೂ ಹೇಳಿಲ್ಲ.

ಈಪ್ರಾಮ್‌ಗೆ ಬರೆಯುವ ಮೊದಲು ತಂತಿಗಳನ್ನು ಸರಿಮಾಡಿಕೊಳ್ಳೋಣ. ಸದ್ದು ಒಮ್ಮೆ ಬಂದು ಒಮ್ಮೆ ಬಾರದಿರುವ ಸಂಪರ್ಕದಲ್ಲಿ ಈಪ್ರಾಮ್‌ಗೆ ಬರೆದರೆ ಕಸವನ್ನೇ ಶಾಶ್ವತ ಮಾಡಿಟ್ಟಂತೆ.

ಪ್ರೋಗ್ರಾಮರಿನಿಂದ ಬೋರ್ಡಿಗೆ ಮೂರೇ ತಂತಿ ಸಾಕು: ಗ್ರೌಂಡ್, ಮಾಹಿತಿ ಸಾಗುವ ಎಸ್‌ಡಿಎ, ಅದಕ್ಕೆ ತಾಳ ಹಾಕುವ ಎಸ್‌ಸಿಎಲ್. ಬೋರ್ಡಿಗೆ ಅದರದೇ 24 ವೋಲ್ಟ್ ಇರುವಾಗ ಪ್ರೋಗ್ರಾಮರಿನ 5 ವೋಲ್ಟ್ ತಂತಿಯನ್ನು ಸಿಕ್ಕಿಸಬೇಡಿ. ಎರಡು ಕಡೆಯ ವಿದ್ಯುತ್ ಒಂದನ್ನೊಂದು ತಳ್ಳಾಡಿದರೆ ಯಾವ ಚಿಪ್ ಬಲಿಯಾಗುತ್ತದೆ ಎಂದು ಹೇಳಲಾಗದು. ಜೋಡಿಸುವಾಗ ಎರಡೂ ಕಡೆ ಪವರ್ ತೆಗೆದಿರಲಿ, ಮೊದಲು ಗ್ರೌಂಡ್, ಆಮೇಲೆ ಉಳಿದೆರಡು. ಇದು ಬರೀ ಶಿಸ್ತಿನ ಮಾತಲ್ಲ. ಎರಡು ಪಿನ್‌ಗಳ, ಅರ್ಥಿಂಗ್ ಇಲ್ಲದ ಅಡಾಪ್ಟರ್‌ಗಳ ಒಳಗೆ ಗೋಡೆಯ ಕಡೆಯಿಂದ ಔಟ್‌ಪುಟ್ ಕಡೆಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅದರಿಂದಾಗಿ ಬೋರ್ಡಿನ ‘ಗ್ರೌಂಡ್’ ನಿಜವಾದ ನೆಲಕ್ಕಿಂತ ಹತ್ತಾರು ವೋಲ್ಟ್ ಮೇಲೆ ತೇಲುತ್ತಿರಬಹುದು. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಕೆಲವೊಮ್ಮೆ ಚುಮುಚುಮು ಎನ್ನುವುದೂ ಇದೇ ಕಾರಣಕ್ಕೆ. ಕರೆಂಟ್ ಅತ್ಯಲ್ಪ, ನಿಜ. ಆದರೆ ಗ್ರೌಂಡಿಗಿಂತ ಮೊದಲು ಎಸ್‌ಡಿಎ ತಂತಿ ತಗುಲಿದರೆ ಆ ವ್ಯತ್ಯಾಸವೆಲ್ಲ ಆ ಬಡಪಾಯಿ ಪಿನ್ ಮೂಲಕವೇ ಇಳಿಯುತ್ತದೆ.

ಈಗ ಮಲ್ಟಿಮೀಟರ್ ತೆಗೆಯಿರಿ. ಪ್ರೋಗ್ರಾಮರನ್ನು ಪೂರ್ತಿ ಬಿಡಿಸಿ ಬೋರ್ಡಿಗೆ ಪವರ್ ಕೊಡಿ. ಕಪ್ಪು ಕಡ್ಡಿ ಗ್ರೌಂಡಿಗೆ, ಕೆಂಪು ಕಡ್ಡಿ ಎಸ್‌ಡಿಎಗೆ. ಸುಮ್ಮನಿರುವಾಗ ಅಲ್ಲಿ ಸುಮಾರು 3.3 ವೋಲ್ಟ್ ಕಾಣಬೇಕು. ಎಸ್‌ಸಿಎಲ್‌ನಲ್ಲೂ ಅಷ್ಟೇ. ಸೊನ್ನೆ ಕಂಡರೆ ಒಂದೋ ತಂತಿಯನ್ನು 3.3 ವೋಲ್ಟಿಗೆ ಎತ್ತಿ ಹಿಡಿಯುವ ಪುಲ್-ಅಪ್ ರೆಸಿಸ್ಟರ್ ಬೋರ್ಡಿನಲ್ಲಿ ಇಲ್ಲ, ಇಲ್ಲವೇ ಎಲ್ಲೋ ಬೆಸುಗೆ ಅಂಟಿಕೊಂಡಿದೆ. 5 ವೋಲ್ಟ್ ಕಂಡರೆ ಅಲ್ಲಿಗೇ ನಿಲ್ಲಿಸಿ, ಕಾರಣ ಹುಡುಕಿ. ಈ ಡಿಎಸ್‌ಪಿ 3.3 ವೋಲ್ಟ್ ಜಾತಿಯದು.

ಎರಡರಲ್ಲೂ 3.3 ಸರಿಯಾಗಿ ಬಂತೇ? ಈಗ ಪ್ರೋಗ್ರಾಮರಿನ ತಂತಿಗಳನ್ನು ಬೋರ್ಡಿಗೆ ಸಿಕ್ಕಿಸಿ, ಆದರೆ ಅದರ ಯುಎಸ್‌ಬಿ ಕೇಬಲ್ಲನ್ನು ಕಂಪ್ಯೂಟರಿಗೆ ಹಾಕಬೇಡಿ. ಮತ್ತೆ ಅಳೆಯಿರಿ. 3.3 ಇದ್ದದ್ದು ಒಂದು ವೋಲ್ಟಿನ ಆಸುಪಾಸಿಗೆ ಕುಸಿದರೆ ಆಶ್ಚರ್ಯ ಬೇಡ. ಪವರ್ ಇಲ್ಲದ ಪ್ರೋಗ್ರಾಮರ್ ಚಿಪ್ ತನ್ನ ರಕ್ಷಣಾ ಡಯೋಡ್‌ಗಳ ಮೂಲಕ ಎರಡೂ ತಂತಿಗಳನ್ನು ಕೆಳಕ್ಕೆ ಎಳೆಯುತ್ತಿದೆ ಎಂದು ಅದರರ್ಥ. ಹಲವರು ಇದನ್ನು ಗಮನಿಸುವುದೇ ಇಲ್ಲ. ಕಂಪ್ಯೂಟರ್ ಆರಿಸುತ್ತಾರೆ, ಪ್ರೋಗ್ರಾಮರ್ ಬೋರ್ಡಿನಲ್ಲೇ ನೇತಾಡುತ್ತಿರುತ್ತದೆ, ಬೋರ್ಡ್ ಈಪ್ರಾಮ್ ಓದಲಾಗದೆ ಮೂಕವಾಗುತ್ತದೆ. ಆಮೇಲೆ ‘ಈಪ್ರಾಮ್ ಸುಟ್ಟಿದೆ’ ಎಂದು ಅದನ್ನು ಬಿಚ್ಚಲು ಹೊರಡುತ್ತಾರೆ. ಪವರ್ ಇಲ್ಲದ ಪ್ರೋಗ್ರಾಮರ್ ಬೋರ್ಡಿನಲ್ಲಿ ಇರಕೂಡದು.

ತಂತಿಯ ಉದ್ದವನ್ನೂ ನೋಡಿ. ಈ ಎರಡು ತಂತಿಗಳ ಐ2ಸಿ ಪದ್ಧತಿಯಲ್ಲಿ ಚಿಪ್‌ಗಳು ತಂತಿಯನ್ನು ಕೆಳಕ್ಕೆ ಎಳೆಯುತ್ತವೆಯೇ ಹೊರತು ಮೇಲಕ್ಕೆ ತಳ್ಳುವುದಿಲ್ಲ. ಮೇಲೇರಿಸುವುದು ಪುಲ್-ಅಪ್ ರೆಸಿಸ್ಟರ್ ಒಂದೇ. ತಂತಿ, ಪಿನ್‌ಗಳೆಲ್ಲ ಸೇರಿ 100 ಪೈಕೋಫ್ಯಾರಡ್ ಆಯಿತೆನ್ನಿ. 4.7 ಕಿಲೋಓಮ್ ಪುಲ್-ಅಪ್ ಇದ್ದರೆ ತಂತಿ ಮೇಲೇರಲು ಸುಮಾರು 400 ನ್ಯಾನೋಸೆಕೆಂಡ್ ಬೇಕು. 400 ಕಿಲೋಹರ್ಟ್ಜ್ ವೇಗದಲ್ಲಿ ಅನುಮತಿ ಇರುವುದು 300ಕ್ಕೆ ಮಾತ್ರ. 2.2 ಕಿಲೋಓಮ್ ಹಾಕಿದರೆ 190ರ ಒಳಗೆ ಏರುತ್ತದೆ, ನಿರಾಳ. ‘ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ’ ಎಂಬ ನಿಮ್ಮ ಮಾತು ಓದಿದಾಗ ನನಗೆ ಮೊದಲು ಹೊಳೆದದ್ದು ಇದೇ. ತಂತಿಯನ್ನು ಒಂದು ಗೇಣಿಗೆ ಕತ್ತರಿಸಿ. ಆಗಲೂ ಸರಿಹೋಗದಿದ್ದರೆ ಎರಡೂ ತಂತಿಗಳಿಗೆ 3.3 ವೋಲ್ಟಿನಿಂದ ಇನ್ನೊಂದೊಂದು 4.7 ಕಿಲೋಓಮ್ ಸೇರಿಸಿ. ಆದರೆ ಎಲ್ಲ ಸೇರಿ 1 ಕಿಲೋಓಮ್‌ಗಿಂತ ಕೆಳಗೆ ಹೋಗಬಾರದು, ಕೆಳಕ್ಕೆ ಎಳೆಯಲು ಚಿಪ್‌ಗಳಿಗೆ ಕಷ್ಟವಾಗುತ್ತದೆ.

ಇನ್ನು ವಿಳಾಸ. ಇದರಷ್ಟು ಜನರನ್ನು ದಾರಿ ತಪ್ಪಿಸಿದ ಸಂಗತಿ ಇನ್ನೊಂದಿಲ್ಲ. ನಿಮ್ಮ ಡಿಎಸ್‌ಪಿಯ ಐ2ಸಿ ವಿಳಾಸ ಹೆಕ್ಸಾ (ಹದಿನಾರರ) ಲೆಕ್ಕದಲ್ಲಿ 34 ಎಂದು ಒಬ್ಬರು ಹೇಳುತ್ತಾರೆ, 68 ಎಂದು ಇನ್ನೊಬ್ಬರು. ಇಬ್ಬರೂ ಸರಿ. ವಿಳಾಸ ಇರುವುದು ಏಳು ಬಿಟ್, ಅದು 34. ಅದರ ಬಾಲಕ್ಕೆ ‘ಬರೆಯುವುದೋ ಓದುವುದೋ’ ಎಂಬ ಎಂಟನೆಯ ಬಿಟ್ ಸೇರಿಸಿ ಓದಿದರೆ 68 ಆಗುತ್ತದೆ. ಈಪ್ರಾಮ್ ಕೂಡ ಹಾಗೆಯೇ, ಏಳು ಬಿಟ್‌ನಲ್ಲಿ 50, ಎಂಟರಲ್ಲಿ ಎ0. ಸಿಗ್ಮಾಸ್ಟುಡಿಯೋ ಎಂಟು ಬಿಟ್‌ನ ರೂಪವನ್ನು ತೋರಿಸುತ್ತದೆ, ಆರ್ಡುಯಿನೋ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್ ಏಳು ಬಿಟ್‌ನದನ್ನು ಕೇಳುತ್ತದೆ. ಇದರ ಜೊತೆಗೆ ಡಿಎಸ್‌ಪಿಯ ಎರಡು ವಿಳಾಸ ಪಿನ್‌ಗಳನ್ನು ಬೋರ್ಡ್ ಮಾಡಿದವರು ಎಲ್ಲಿಗೆ ಕಟ್ಟಿದ್ದಾರೆ ಎನ್ನುವುದರ ಮೇಲೆ ವಿಳಾಸ 34ರಿಂದ 37ರವರೆಗೆ ಯಾವುದಾದರೂ ಇರಬಹುದು. ತಪ್ಪು ವಿಳಾಸಕ್ಕೆ ಕಳುಹಿಸಿದರೂ ನಿಮ್ಮ ಹಸಿರು ಬಣ್ಣ ಅಷ್ಟೇ ಹಸಿರಾಗಿ ಹೊಳೆಯಬಹುದು.

ತಲುಪಿತೋ ಇಲ್ಲವೋ ಎಂದು ಖಚಿತಪಡಿಸಿಕೊಳ್ಳುವ ದಾರಿ ಓದುವುದು, ಬರೆಯುವುದಲ್ಲ. ಡಿಎಸ್‌ಪಿಯ ಒಂದು ರೆಜಿಸ್ಟರನ್ನು (ಸಂಖ್ಯೆ ಇಡುವ ಒಳಗಿನ ಗೂಡು) ವಾಪಸ್ ಓದಿ ನೋಡಿ. ಎಲ್ಲ ಬಿಟ್‌ಗಳೂ 1 ಆಗಿಯೇ ಬಂದರೆ ಆ ಕಡೆ ಯಾರೂ ಇಲ್ಲ, ಪುಲ್-ಅಪ್ ರೆಸಿಸ್ಟರಿನ ಪ್ರತಿಧ್ವನಿ ಮಾತ್ರ ಕೇಳುತ್ತಿದೆ. ಓದುವ ಗೊಡವೆ ಬೇಡವೆನಿಸಿದರೆ ಇನ್ನೊಂದು ನೇರ ಉಪಾಯವಿದೆ. ಇನ್‌ಪುಟ್ ಏನೂ ಇಲ್ಲದ, 400 ಹರ್ಟ್ಜ್‌ನ ಸೈನ್ ಸ್ವರ ಹೊರಡಿಸುವ ಚೌಕವೊಂದನ್ನು ತೀರಾ ಸಣ್ಣ ಮಟ್ಟದಲ್ಲಿ ಔಟ್‌ಪುಟ್‌ಗೆ ಜೋಡಿಸಿ ಡೌನ್‌ಲೋಡ್ ಮಾಡಿ. ‘ಪೂಂ’ ಎಂದರೆ ಎರಡೂ ತಂತಿಗಳು, ವಿಳಾಸ, ಚಿಪ್ ಎಲ್ಲ ಸರಿ. ನಾನು ಯಾವ ಹೊಸ ಬೋರ್ಡ್ ಬಂದರೂ ಮೊದಲು ಮಾಡುವುದು ಇದನ್ನೇ. ಹಾಡು ಹಾಕಿ ಪರೀಕ್ಷಿಸಲು ಹೊರಟರೆ ತೊಂದರೆ ಇನ್‌ಪುಟ್ ಕೇಬಲ್ಲಿನದೋ ಪ್ರೋಗ್ರಾಮಿನದೋ ಎಂದು ತಿಳಿಯದೆ ಅರ್ಧ ದಿನ ಹೋಗುತ್ತದೆ.

ಆ ಸ್ವರಕ್ಕೂ ಮುನ್ನ ಒಂದು ಎಚ್ಚರಿಕೆ. ಟ್ವೀಟರುಗಳನ್ನು ಈಗಲೇ ನೇರವಾಗಿ ಜೋಡಿಸಬೇಡಿ. ಕ್ರಾಸ್‌ಓವರ್ ಇರುವುದು ಡಿಎಸ್‌ಪಿಯ ಒಳಗೆ, ರ‍್ಯಾಮಿನಲ್ಲಿ. ಡೌನ್‌ಲೋಡ್ ಅರ್ಧದಲ್ಲಿ ಕಡಿದರೆ, ಗೆರೆಗಳನ್ನು ಅದಲುಬದಲಾಗಿ ಎಳೆದರೆ, ವೂಫರಿಗೆ ಹೋಗಬೇಕಾದ ಕೆಳಸ್ವರವೆಲ್ಲ ಟ್ವೀಟರಿಗೆ ನುಗ್ಗುತ್ತದೆ. ಅದರ ಕಾಯಿಲ್‌ನ ತಂತಿ ಕೂದಲೆಳೆಯಷ್ಟು, ಕ್ಷಣದಲ್ಲಿ ಸುಡುತ್ತದೆ. ಮೊದಲ ದಿನಗಳಲ್ಲಿ ಯಾವುದಾದರೂ ಹಳೆಯ ಸ್ಪೀಕರ್ ಕಟ್ಟಿಕೊಳ್ಳಿ. ಆಮೇಲೆ ಟ್ವೀಟರ್ ಜೋಡಿಸುವಾಗಲೂ ಸರಣಿಯಲ್ಲಿ ಒಂದು ಫಿಲ್ಮ್ ಕೆಪಾಸಿಟರ್ ಇರಲಿ. 8 ಓಮ್ ಟ್ವೀಟರಿಗೆ 22 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 900 ಹರ್ಟ್ಜ್‌ಗಿಂತ ಕೆಳಗಿನದನ್ನು ಅದು ತಗ್ಗಿಸುತ್ತಾ ಹೋಗುತ್ತದೆ. ನಿಮ್ಮ ಕ್ರಾಸ್‌ಓವರ್ 2500 ಹರ್ಟ್ಜ್‌ನಲ್ಲಿದ್ದರೆ ಈ ಕೆಪಾಸಿಟರ್ ಅಲ್ಲಿ ಹೆಚ್ಚು ಮೂಗು ತೂರಿಸುವುದಿಲ್ಲ. ‘ನೇರವಾಗಿ’ ಎಂಬ ನಿಮ್ಮ ಆಸೆಗೆ ಇದು ಸ್ವಲ್ಪ ಭಂಗವೇ. ಆದರೂ ನಾನು ಅದನ್ನು ಕೊನೆಯವರೆಗೂ ತೆಗೆಯುವುದಿಲ್ಲ. ಬೋರ್ಡಿನಲ್ಲಿ ಮ್ಯೂಟ್ ಪಿನ್ ಹೊರಗೆ ಸಿಗುವಂತಿದ್ದರೆ ಪ್ರತಿ ಡೌನ್‌ಲೋಡ್ ವೇಳೆ ಮ್ಯೂಟ್ ಮಾಡಿಕೊಳ್ಳಿ.

ಇನ್ನೊಂದು ಅಪಾಯ ಕಂಪ್ಯೂಟರಿಗೇ ಸಂಬಂಧಿಸಿದ್ದು. ಟಿಪಿಎ 3116ರಲ್ಲಿ ಸ್ಪೀಕರಿನ ಎರಡೂ ತಂತಿಗಳನ್ನು ಆಂಪ್ಲಿಫೈಯರ್ ಓಡಿಸುತ್ತದೆ. ಮೈನಸ್ ಎಂದು ಬರೆದಿರುವ ತಂತಿ ಗ್ರೌಂಡ್ ಅಲ್ಲ. ಮೀಟರ್ ಇಟ್ಟು ನೋಡಿ, ಸದ್ದಿಲ್ಲದಿರುವಾಗ ಪ್ಲಸ್ಸಿನಲ್ಲೂ ಮೈನಸ್ಸಿನಲ್ಲೂ ಗ್ರೌಂಡಿಗೆ ಹೋಲಿಸಿದರೆ ಸುಮಾರು 12 ವೋಲ್ಟ್, ಅಂದರೆ ನಿಮ್ಮ 24ರ ಅರ್ಧ, ಇರುತ್ತದೆ. ಎಡ ಬಲ ಎರಡೂ ಸ್ಪೀಕರುಗಳ ಮೈನಸ್ ಸೇರಿಸುವುದು, ಅದನ್ನು ಪೆಟ್ಟಿಗೆಯ ಲೋಹಕ್ಕೆ ತಾಗಿಸುವುದು ಸಲ್ಲದು. ಹಿಂದೊಮ್ಮೆ ನಾನು ಔಟ್‌ಪುಟ್ ನೋಡೋಣವೆಂದು ಯುಎಸ್‌ಬಿ ಆಸಿಲೋಸ್ಕೋಪಿನ ಕಪ್ಪು ಕ್ಲಿಪ್ಪನ್ನು ಸ್ಪೀಕರಿನ ಮೈನಸ್ಸಿಗೆ ಕಚ್ಚಿಸಿದೆ. ಸ್ಕೋಪ್ ಮತ್ತು ಪ್ರೋಗ್ರಾಮರ್ ಎರಡೂ ಒಂದೇ ಲ್ಯಾಪ್‌ಟಾಪಿನಲ್ಲಿದ್ದವು. ಅಂದರೆ ಸ್ಕೋಪಿನ ಗ್ರೌಂಡ್, ಲ್ಯಾಪ್‌ಟಾಪ್, ಪ್ರೋಗ್ರಾಮರಿನ ಗ್ರೌಂಡ್, ಬೋರ್ಡಿನ ಗ್ರೌಂಡ್ ಎಲ್ಲ ಒಂದೇ ದಾರ. ‘ಟಕ್’ ಎಂದಿತು, ಬೋರ್ಡ್ ತನ್ನ ರಕ್ಷಣೆಯಿಂದ ಬಾಯಿ ಮುಚ್ಚಿಕೊಂಡು ಬದುಕಿತು. ಲ್ಯಾಪ್‌ಟಾಪಿನ ಆ ಯುಎಸ್‌ಬಿ ಕಿಂಡಿ ಮಾತ್ರ ಆಮೇಲೆ ಏಳಲೇ ಇಲ್ಲ. ಕೆಟ್ಟ ಮೇಲೆ ಬಂದ ಬುದ್ಧಿ: ಈ ಔಟ್‌ಪುಟ್ ನೋಡಬೇಕಾದರೆ ಎರಡು ಪ್ರೋಬ್‌ಗಳನ್ನು ಎರಡು ತಂತಿಗಳಿಗೆ ಹಿಡಿದು ವ್ಯತ್ಯಾಸ ತೆಗೆಯಬೇಕು, ಕಪ್ಪು ಕ್ಲಿಪ್ ಬೋರ್ಡಿನ ಗ್ರೌಂಡ್ ಬಿಟ್ಟು ಬೇರೆಲ್ಲೂ ಹೋಗಬಾರದು.

ನಿಮ್ಮ ಕೀರಲು ಸದ್ದಿಗೂ ಈ ‘ಒಂದೇ ದಾರ’ವೇ ಮೂಲ. ಹಾಡು ಅದೇ ಲ್ಯಾಪ್‌ಟಾಪಿನ ಹೆಡ್‌ಫೋನ್ ಕಿಂಡಿಯಿಂದ ಬರುತ್ತಿದೆ ಎಂದುಕೊಳ್ಳುತ್ತೇನೆ. ಆಗ ಲ್ಯಾಪ್‌ಟಾಪಿನಿಂದ ಬೋರ್ಡಿಗೆ ಗ್ರೌಂಡ್ ಎರಡು ದಾರಿಗಳಲ್ಲಿ ಹೋಗುತ್ತದೆ, ಆಡಿಯೋ ಕೇಬಲ್ಲಿನಲ್ಲಿ ಒಂದು, ಪ್ರೋಗ್ರಾಮರಿನಲ್ಲಿ ಒಂದು. ಲ್ಯಾಪ್‌ಟಾಪಿನೊಳಗಿನ ಗದ್ದಲದ ಕರೆಂಟ್ ಎರಡರಲ್ಲೂ ಹಂಚಿಕೊಂಡು ಹರಿಯುತ್ತದೆ, ಆಡಿಯೋ ಕೇಬಲ್ಲಿನಲ್ಲಿ ಹರಿದದ್ದು ಸದ್ದಾಗಿ ಕೇಳಿಸುತ್ತದೆ. ಮೌಸ್ ಅಲುಗಾಡಿಸಿದಾಗ ಸ್ವರ ಬದಲಾಗುತ್ತಿದ್ದರೆ ಅನುಮಾನವೇ ಬೇಡ. ಲ್ಯಾಪ್‌ಟಾಪನ್ನು ಚಾರ್ಜರಿನಿಂದ ಬಿಡಿಸಿ ಬ್ಯಾಟರಿಯಲ್ಲಿ ನಡೆಸಿ, ಹಾಡನ್ನು ಚಾರ್ಜರಿಗೆ ಹಾಕದ ಮೊಬೈಲಿನಿಂದ ಕೊಡಿ. ಬಹುತೇಕ ನಿಂತುಹೋಗುತ್ತದೆ. ದಿನವೂ ಪ್ರೋಗ್ರಾಮರ್ ಸಿಕ್ಕಿಸಿಕೊಂಡೇ ಇರುವವರಿಗೆ ಎಡಿಯುಎಂ 1250ರಂತಹ ಐ2ಸಿ ಐಸೋಲೇಟರ್ ಚಿಪ್ ಇದೆ, ಎರಡೂ ತಂತಿಗಳನ್ನು ವಿದ್ಯುತ್ ಸಂಬಂಧವಿಲ್ಲದೆ ದಾಟಿಸುತ್ತದೆ. ನಾಲ್ಕು ದಿನ ಪ್ರೋಗ್ರಾಂ ಮಾಡಿ ಪೆಟ್ಟಿಗೆ ಮುಚ್ಚುವ ನಿಮಗೆ ಅದು ಮೂಗಿಗಿಂತ ಮೂಗುತಿ ಭಾರ.

ಪ್ರೋಗ್ರಾಮರ್ ತೆಗೆದ ಮೇಲೂ ‘ಸ್ಸ್’ ಎಂಬ ಸದ್ದು ಉಳಿದರೆ ಅದು ಬೇರೆ. ಇಲ್ಲಿ ಒಂದು ಲೆಕ್ಕ ಮಾಡಿ. ನಿಮ್ಮ ಡಿಎಸ್‌ಪಿ ತನ್ನ ಗರಿಷ್ಠ ಮಟ್ಟದಲ್ಲಿ ಕೊಡುವುದು ಸುಮಾರು 0.9 ವೋಲ್ಟ್ ಆರ್‌ಎಂಎಸ್ (ಏರಿಳಿಯುವ ವೋಲ್ಟೇಜನ್ನು ಒಂದು ಸಂಖ್ಯೆಯಲ್ಲಿ ಹೇಳುವ ಒಂದು ಬಗೆಯ ಸರಾಸರಿ). 24 ವೋಲ್ಟ್ ಪವರಿನಲ್ಲಿ ಆಂಪ್ಲಿಫೈಯರ್ ಚಪ್ಪಟೆಯಾಗದೆ ಕೊಡಬಲ್ಲದ್ದು ಹೆಚ್ಚೆಂದರೆ 17 ವೋಲ್ಟ್ ಆರ್‌ಎಂಎಸ್. ಟಿಪಿಎ 3116ಕ್ಕೆ 20, 26, 32, 36 ಡೆಸಿಬಲ್ ಎಂಬ ನಾಲ್ಕು ಗೇನ್‌ಗಳಿವೆ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬ ಅಳತೆ), ಬೋರ್ಡಿನಲ್ಲಿ ಒಂದೆರಡು ರೆಸಿಸ್ಟರ್‌ಗಳಿಂದ ಅದು ನಿಗದಿಯಾಗಿರುತ್ತದೆ. 26 ಡೆಸಿಬಲ್ ಎಂದರೆ 20 ಪಟ್ಟು: 0.9ಕ್ಕೆ 18 ವೋಲ್ಟ್, ಅಳತೆಗೆ ಹೊಲಿಸಿದ ಅಂಗಿಯಂತೆ ಹೊಂದುತ್ತದೆ. 32 ಡೆಸಿಬಲ್ ಎಂದರೆ 40 ಪಟ್ಟು: 36 ವೋಲ್ಟ್ ಕೊಡಲು ಹೊರಡುತ್ತದೆ, ಕೊಡಲಾಗದು. ನೀವು ಡಿಎಸ್‌ಪಿಯಲ್ಲಿ ವಾಲ್ಯೂಮ್ ತಗ್ಗಿಸಿಕೊಂಡು ಕೇಳುತ್ತೀರಿ, ಡಿಎಸ್‌ಪಿಯ ಔಟ್‌ಪುಟ್‌ನ ಸಹಜ ಗದ್ದಲ ಮಾತ್ರ ಪೂರ್ತಿ 40 ಪಟ್ಟಾಗಿ ಟ್ವೀಟರಿನಲ್ಲಿ ಕೂರುತ್ತದೆ. ಹೀಗೆ ಬಂದಿದ್ದರೆ ಗೇನ್ ರೆಸಿಸ್ಟರ್ ಬದಲಿಸಿ 26ಕ್ಕೆ, ಸಾಧ್ಯವಾದರೆ ಟ್ವೀಟರ್ ಚಿಪ್ಪನ್ನು 20ಕ್ಕೆ ಇಳಿಸಿ. ಇದಕ್ಕೆ ಸಾಫ್ಟ್‌ವೇರಿನಲ್ಲಿ ಮದ್ದಿಲ್ಲ.

(ಅಂದ ಹಾಗೆ, ಕ್ಲಾಸ್-ಡಿಯ ‘ಡಿ’ ಡಿಜಿಟಲ್ ಅಲ್ಲ. ಎ, ಬಿ, ಸಿ ಆದ ಮೇಲೆ ಬಂದ ಅಕ್ಷರ ಅಷ್ಟೇ. ನಿಮ್ಮ ಬೋರ್ಡಿನಲ್ಲಿ ಡಿಜಿಟಲ್ ಆಗಿರುವುದು ಡಿಎಸ್‌ಪಿ, ಅದರ ಮುಂದಿನ ಆಂಪ್ಲಿಫೈಯರ್ ಚಿಪ್‌ಗಳಿಗೆ ಹೋಗುವುದು ಅಪ್ಪಟ ಅನಲಾಗ್ ಸಿಗ್ನಲ್.)

ಪರದೆಯ ಕೆಲಸಕ್ಕೆ ಬರೋಣ. ಇನ್‌ಪುಟ್ ಚೌಕದಿಂದ ಮೊದಲು ಒಂದು ವಾಲ್ಯೂಮ್ ಚೌಕಕ್ಕೆ ಹೋಗಿ, ಅಲ್ಲಿ 6 ಡೆಸಿಬಲ್‌ನಷ್ಟು ತಗ್ಗಿಸಿ. ಯಾಕೆಂದರೆ ಡಿಎಸ್‌ಪಿಯ ಒಳಗಡೆ ಸಂಖ್ಯೆ 16ರವರೆಗೆ ಬೆಳೆಯಬಹುದು, ಅಂದರೆ 24 ಡೆಸಿಬಲ್‌ನಷ್ಟು ತಲೆ ಎತ್ತಲು ಜಾಗವಿದೆ. ಔಟ್‌ಪುಟ್ ಬಾಗಿಲಿನಲ್ಲಿ ಮಾತ್ರ 1ಕ್ಕಿಂತ ದೊಡ್ಡದೆಲ್ಲ ಕತ್ತರಿಸಿಹೋಗುತ್ತದೆ. ಈಕ್ವಲೈಸರಿನಲ್ಲಿ ಕೆಳಸ್ವರಗಳನ್ನು 6 ಡೆಸಿಬಲ್ ಏರಿಸಿ, ಹೀಗೆ ಮೊದಲೇ ತಗ್ಗಿಸಿರದಿದ್ದರೆ ಜೋರಾದ ಹಾಡಿನಲ್ಲಿ ಕರಕರ ಖಂಡಿತ. ಅದನ್ನು ಸ್ಪೀಕರಿನ ದೋಷ ಎಂದುಕೊಂಡವರು ಬಹಳ.

ಆಮೇಲೆ ಕ್ರಾಸ್‌ಓವರ್ ಚೌಕ. ಆಕ್ಟೇವ್‌ಗೆ 24 ಡೆಸಿಬಲ್‌ನ ಲಿಂಕ್ವಿಟ್ಜ್-ರೈಲಿ ಎಂಬ ಬಗೆಯನ್ನು ಆರಿಸಿ, ಕೆಳಗಿನ ಪಾಲು ವೂಫರಿಗೆ, ಮೇಲಿನದು ಟ್ವೀಟರಿಗೆ. ಟ್ವೀಟರಿಗೆ ವಿಳಂಬದ ಚೌಕವನ್ನೂ ಹಾಕಿ. 48 ಕಿಲೋಹರ್ಟ್ಜ್‌ನಲ್ಲಿ ಒಂದು ಸ್ಯಾಂಪಲ್ ಎಂದರೆ ಗಾಳಿಯಲ್ಲಿ ಸದ್ದು ಸುಮಾರು 7 ಮಿಲಿಮೀಟರ್ ಸಾಗುವ ಹೊತ್ತು. ವೂಫರಿನ ಕಾಯಿಲ್ ಟ್ವೀಟರಿಗಿಂತ 3 ಸೆಂಟಿಮೀಟರ್ ಹಿಂದಿದ್ದರೆ ಟ್ವೀಟರಿಗೆ 4 ಸ್ಯಾಂಪಲ್ ವಿಳಂಬ. ಸರಿಹೋಯಿತೇ ಎಂದು ನೋಡುವ ಬಗೆ ಚೆನ್ನಾಗಿದೆ: ಟ್ವೀಟರಿನ ಧ್ರುವವನ್ನು (ಪ್ಲಸ್, ಮೈನಸ್) ಪರದೆಯ ಮೇಲೆಯೇ ತಿರುಗಿಸಿ, ಸ್ಪೀಕರಿನ ಎದುರು ಮೈಕ್ ಇಟ್ಟು ಅಳೆಯಿರಿ. ಕ್ರಾಸ್‌ಓವರ್ ಜಾಗದಲ್ಲಿ ಆಳವಾದ ಹಳ್ಳ ಬೀಳಬೇಕು. ವಿಳಂಬವನ್ನು ಒಂದೊಂದೇ ಸ್ಯಾಂಪಲ್ ಬದಲಿಸುತ್ತಾ ಹಳ್ಳ ಅತ್ಯಂತ ಆಳವಾಗುವ ಕಡೆ ನಿಲ್ಲಿಸಿ, ಧ್ರುವವನ್ನು ಮೊದಲಿನಂತೆ ಮಾಡಿ. ಕಂಪ್ಯೂಟರ್ ಜೋಡಿಸಿಕೊಂಡು ಕೇಳುತ್ತಲೇ ತಿದ್ದುವ ಸುಖ ಇರುವುದು ಇಂತಹ ಕಡೆ. ಕಾಯಿಲ್, ಕೆಪಾಸಿಟರ್ ಕಾಲದಲ್ಲಿ ಇದೇ ಕೆಲಸಕ್ಕೆ ಮತ್ತೆ ಮತ್ತೆ ಬೆಸುಗೆ ಬಿಚ್ಚಬೇಕಿತ್ತು.

ಎಲ್ಲ ಒಪ್ಪಿಗೆಯಾದ ಮೇಲೆ ಈಪ್ರಾಮ್. ಹಾರ್ಡ್‌ವೇರ್ ಪುಟದಲ್ಲಿ ಡಿಎಸ್‌ಪಿ ಜೊತೆಗೆ ಈಪ್ರಾಮ್ ಚೌಕವನ್ನೂ ತಂದು ಪ್ರೋಗ್ರಾಮರಿಗೆ ಗೆರೆ ಎಳೆಯಿರಿ. ಕೇಳುವ ವಿವರಗಳಿಗೆ 24ಸಿ256 ಆದರೆ ಗಾತ್ರ 32768 ಬೈಟ್, ಪುಟ 64 ಬೈಟ್, ವಿಳಾಸಕ್ಕೆ 2 ಬೈಟ್ ಎಂದು ಕೊಡಿ. ಇಲ್ಲಿ ತಪ್ಪಿದರೆ ಬರೆದದ್ದೆಲ್ಲ ಚೆಲ್ಲಾಪಿಲ್ಲಿ. ಪೂರ್ತಿ ತುಂಬಿದ ಪ್ರೋಗ್ರಾಂ ಕೂಡ 9 ಕಿಲೋಬೈಟ್‌ಗಿಂತ ಸ್ವಲ್ಪ ಹೆಚ್ಚಷ್ಟೇ ಆಗುವುದರಿಂದ ಜಾಗ ಧಾರಾಳ. ಈಪ್ರಾಮಿನ ಏಳನೆಯ ಕಾಲು ಬರಹಕ್ಕೆ ಬೀಗ. ಅದು 3.3 ವೋಲ್ಟಿಗೆ ಸೇರಿದ್ದರೆ ಬರೆಯಲಾಗದು, ಬೋರ್ಡಿನಲ್ಲಿ ಅದಕ್ಕೊಂದು ಜಂಪರ್ (ಎರಡು ಪಿನ್‌ಗಳನ್ನು ಸೇರಿಸುವ ಪುಟ್ಟ ಟೊಪ್ಪಿ) ಇದೆಯೇ ನೋಡಿ. ಸ್ಲೈಡರುಗಳನ್ನು ಸರಿಸಿ ತಿದ್ದಿದ್ದರೆ ಮತ್ತೊಮ್ಮೆ ಕಂಪೈಲ್ ಮಾಡಿ ಡೌನ್‌ಲೋಡ್ ಒತ್ತಿ, ಆಮೇಲೆ ಡಿಎಸ್‌ಪಿ ಚೌಕದ ಮೇಲೆ ಬಲ ಕ್ಲಿಕ್ ಮಾಡಿ ಇತ್ತೀಚಿನ ಕಂಪೈಲನ್ನು ಈಪ್ರಾಮ್‌ಗೆ ಬರೆಯುವ ಆದೇಶ ಕೊಡಿ. ಬರೆಯುವುದು ಮುಗಿಯುವವರೆಗೆ ಏನನ್ನೂ ಮುಟ್ಟಬೇಡಿ.

ಈಗ ಪ್ರೋಗ್ರಾಮರ್ ಪೂರ್ತಿ ಬಿಡಿಸಿ, ಡಿಎಸ್‌ಪಿ ತಾನೇ ಈಪ್ರಾಮ್ ಓದುವಂತೆ ಮಾಡುವ ಸೆಲ್ಫ್‌ಬೂಟ್ ಜಂಪರನ್ನು 3.3 ವೋಲ್ಟ್ ಕಡೆಗೆ ಹಾಕಿ ಪವರ್ ಕೊಡಿ. ಬಿಡಿಸಬೇಕೆಂದು ಒತ್ತಿ ಹೇಳಲು ಕಾರಣವಿದೆ. ಪ್ರೋಗ್ರಾಂ ಮಾಡುವಾಗ ಎರಡು ತಂತಿಗಳ ಯಜಮಾನ ಪ್ರೋಗ್ರಾಮರ್, ಡಿಎಸ್‌ಪಿ ಕೇಳಿಸಿಕೊಳ್ಳುವ ಆಳು. ಸೆಲ್ಫ್‌ಬೂಟ್ ಆಗುವಾಗ ಡಿಎಸ್‌ಪಿಯೇ ಯಜಮಾನನಾಗಿ ಈಪ್ರಾಮನ್ನು ಓದುತ್ತದೆ. ಅದೇ ಹೊತ್ತಿಗೆ ಪ್ರೋಗ್ರಾಮರ್ ಕೂಡ ಮಾತಿಗಿಳಿದರೆ ಒಂದೇ ಒರೆಯಲ್ಲಿ ಎರಡು ಕತ್ತಿ. ತಿದ್ದುಪಡಿಯ ದಿನಗಳಲ್ಲಿ ಜಂಪರನ್ನು ತೆಗೆದಿಡುವುದೇ ಒಳ್ಳೆಯದು. ಜಂಪರ್ ಇಲ್ಲದೆ ಶಾಶ್ವತವಾಗಿ ಕಟ್ಟಿರುವ ಬೋರ್ಡಾದರೆ ಪವರ್ ಕೊಟ್ಟು ಒಂದೆರಡು ಸೆಕೆಂಡ್ ಕಾದು ಆಮೇಲೆ ಡೌನ್‌ಲೋಡ್ ಒತ್ತಿ.

ಇದೇ ಪಾಠವನ್ನು ಎಲ್ಲ ಬೋರ್ಡುಗಳಿಗೂ ಅನ್ವಯಿಸಬೇಡಿ. ಟಿಎಎಸ್ 5805ಎಂ ತರಹದ ಚಿಪ್‌ಗಳಲ್ಲಿ ಡಿಎಸ್‌ಪಿ, ಆಂಪ್ಲಿಫೈಯರ್ ಎರಡೂ ಒಂದೇ ಮೈಯಲ್ಲಿವೆ, ಸಂಗೀತ ಐ2ಎಸ್ ತಂತಿಗಳಲ್ಲಿ ಡಿಜಿಟಲ್ಲಾಗಿಯೇ ಬರುತ್ತದೆ. ಅವು ತಾವಾಗಿ ಈಪ್ರಾಮ್ ಓದುವುದಿಲ್ಲ. ಪ್ರತಿ ಬಾರಿ ಪವರ್ ಬಂದಾಗಲೂ ಒಂದು ಮೈಕ್ರೋಕಂಟ್ರೋಲರ್ ಇಡೀ ಪಟ್ಟಿಯನ್ನು ಓದಿ ಹೇಳಬೇಕು, ಅದೂ ಐ2ಎಸ್ ಕ್ಲಾಕ್ ಬರಲು ಶುರುವಾದ ಮೇಲೆ. ಕೋಡ್ ಬಾರದವರು ಅದರ ತಂಟೆಗೆ ಹೋಗದಿರುವುದೇ ಲೇಸು. ನೀವು ತೆಗೆದುಕೊಂಡ ಬೋರ್ಡ್ ನಿಮಗೆ ತಕ್ಕದ್ದೇ.

ಕೊನೆಗೆ, ನೀವು ಕೇಳಿಲ್ಲದಿದ್ದರೂ ಮುಂದಿನ ವಾರ ಕೇಳುವ ಪ್ರಶ್ನೆ: ಪೆಟ್ಟಿಗೆ ಮುಚ್ಚಿದ ಮೇಲೆ ವಾಲ್ಯೂಮ್ ಹೇಗೆ? ಆರ್ಡುಯಿನೋದಿಂದ ಮಾಡಬಹುದು, ಆದರೆ ಓಡುತ್ತಿರುವ ಡಿಎಸ್‌ಪಿಯ ಸಂಖ್ಯೆಯನ್ನು ನೇರವಾಗಿ ತಿದ್ದಿದರೆ ಅರ್ಧ ಹಳೆಯದು ಅರ್ಧ ಹೊಸದು ಸೇರಿ ‘ಟಪ್’ ಎನ್ನುತ್ತದೆ. ಅದಕ್ಕೆಂದೇ ಸೇಫ್‌ಲೋಡ್ ಎಂಬ ಏರ್ಪಾಡಿದೆ. ಹೊಸ ಸಂಖ್ಯೆಯನ್ನು 2064ನೇ ರೆಜಿಸ್ಟರಿಗೆ, ಅದು ಹೋಗಬೇಕಾದ ಜಾಗವನ್ನು 2069ಕ್ಕೆ ಬರೆದು, 2076ರ 5ನೇ ಸಂಖ್ಯೆಯ ಬಿಟ್ (ಸೊನ್ನೆಯಿಂದ ಎಣಿಸಿ) ಏರಿಸಿದರೆ ಡಿಎಸ್‌ಪಿ ಸ್ಯಾಂಪಲ್‌ಗಳ ಸಂದಿಯಲ್ಲಿ ತಾನೇ ಬದಲಿಸಿಕೊಳ್ಳುತ್ತದೆ. ಆದರೆ ನಿಮಗೆ ಇಷ್ಟೆಲ್ಲ ಬೇಡ. ಈ ಚಿಪ್‌ಗೆ ಗುಂಡಿಗಳನ್ನು ಓದಲೆಂದೇ ನಾಲ್ಕು ಪಿನ್‌ಗಳಿವೆ. 10 ಕಿಲೋಓಮ್ ಪೊಟೆನ್ಶಿಯೋಮೀಟರಿನ (ತಿರುಗಿಸುವ ಗುಂಡಿಯ) ಒಂದು ತುದಿ ಗ್ರೌಂಡಿಗೆ, ಇನ್ನೊಂದು 3.3 ವೋಲ್ಟಿಗೆ, ನಡುವಿನ ಕಾಲು ಆ ಪಿನ್ನಿಗೆ. ಪರದೆಯಲ್ಲಿ ಆ ಪಿನ್ನಿನ ಚೌಕವನ್ನು ವಾಲ್ಯೂಮ್ ಚೌಕಕ್ಕೆ ಜೋಡಿಸಿ ಮತ್ತೊಮ್ಮೆ ಈಪ್ರಾಮ್‌ಗೆ ಬರೆಯಿರಿ. ಬೋರ್ಡಿನಲ್ಲಿ 5 ವೋಲ್ಟಿನ ಪಿನ್ ಹೆಚ್ಚು ಹತ್ತಿರ ಸಿಕ್ಕರೂ ಪೊಟೆನ್ಶಿಯೋಮೀಟರಿಗೆ ಅಲ್ಲಿಂದ ಎಳೆಯಬೇಡಿ.